ತಂತಿಯ ಮೇಲೆ ಅಕ್ಷರಯಾನ: ದೂರವಾಣಿ ಯಂತ್ರಕ್ಕೆ ಪ್ರಿಂಟರು ಹಾಗೂ ಟರ್ಮಿನಲ್ಲುಗಳ ಜೋಡಣೆ

ದೂರವಾಣಿ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಮಾತು. ಕಿವಿಗೆ ಹಿಡಿದ ಉಪಕರಣದಲ್ಲಿ ದೂರದವರ ಧ್ವನಿ ಕೇಳಿಸುವುದೇ ಅದರ ಸಾರ್ಥಕ್ಯವೆಂದು ನಾವು ಭಾವಿಸಿದ್ದೇವೆ. ಆದರೆ ವಿದ್ಯಾಸಂಸ್ಥೆಯಲ್ಲಿಯೋ ಆಸ್ಪತ್ರೆಯಲ್ಲಿಯೋ ಮಠದ ಕಾರ್ಯಾಲಯದಲ್ಲಿಯೋ ಇರಿಸಿರುವ ಆಂತರಿಕ ವಿನಿಮಯ ಯಂತ್ರವು, ಎಂದರೆ ಎಲ್ಲರೂ ಇ.ಪಿ.ಎ.ಬಿ.ಎಕ್ಸ್. ಎಂದು ಕರೆಯುವ ಪೆಟ್ಟಿಗೆಯು, ಮಾತನ್ನು ಸಾಗಿಸುವುದಲ್ಲದೆ ಬರೆಯಲೂ ಬಲ್ಲುದು, ಓದಲೂ ಬಲ್ಲುದು. ಯಾವ ಕೊಠಡಿಯಿಂದ ಯಾವ ಸಂಖ್ಯೆಗೆ, ಎಷ್ಟು ಗಂಟೆಗೆ, ಎಷ್ಟು ಹೊತ್ತು ಕರೆ ಹೋಯಿತೆಂಬುದನ್ನು ಅದು ಒಂದೊಂದು ಸಾಲಾಗಿ ಪ್ರಿಂಟರಿಗೆ ಕಳುಹಿಸುತ್ತದೆ. ಯಾವ ಎಕ್ಸ್‌ಟೆನ್ಷನ್ನಿಗೆ ಹೊರಗಿನ ಕರೆಗೆ ಅನುಮತಿಯುಂಟು, ಯಾವುದಕ್ಕೆ ಇಲ್ಲ ಎಂಬ ಆಜ್ಞೆಗಳನ್ನು ಟರ್ಮಿನಲ್ಲಿನ ಕೀಲಿಮಣೆಯ ಮೂಲಕ ಓದಿಕೊಳ್ಳುತ್ತದೆ. ಈ ಎರಡು ಕಾರ್ಯಗಳಿಗಾಗಿ ಪೆಟ್ಟಿಗೆಯ ಹಿಂಬದಿಯಲ್ಲಿ ಪ್ರತ್ಯೇಕ ದ್ವಾರಗಳಿರುತ್ತವೆ. ಆ ದ್ವಾರದಿಂದ ಹೊರಡುವ ತಂತಿಯನ್ನು ಹೇಗೆ ಹೊಂದಿಸಬೇಕೆಂಬುದನ್ನು ಶಿಕ್ಷಕಬಂಧುಗಳಿಗೂ ಹಳೆಯ ವಿದ್ಯಾರ್ಥಿಗಳಿಗೂ ತಿಳಿಯಾಗಿ ನಿವೇದಿಸುವುದು ಪ್ರಕೃತ ಲೇಖನದ ಉದ್ದೇಶ.

ಇದು ಇಂಜಿನಿಯರರ ವಿಷಯ, ಕನ್ನಡ ಪಂಡಿತನಿಗೆ ಇಲ್ಲೇನು ಕೆಲಸ ಎಂದು ಕೆಲವರಾದರೂ ಕೇಳಿಯಾರು. ತಂತಿಯ ಮೇಲೆ ಹೋಗುವುದು ಅಕ್ಷರ. ಅಕ್ಷರಕ್ಕೆ ಎಷ್ಟು ಮಾತ್ರೆ, ಎಲ್ಲಿ ಆರಂಭ, ಎಲ್ಲಿ ಯತಿ ಎಂಬ ವಿಚಾರ ಛಂದಶ್ಶಾಸ್ತ್ರವನ್ನು ಓದಿದವನಿಗೆ ಅಪರಿಚಿತವಾದುದಲ್ಲ. ಅದಕ್ಕಿಂತ ಮುಖ್ಯವಾಗಿ, ಕನ್ನಡದ ಅಕ್ಷರವು ತಂತಿಯ ಮೇಲೆ ಉಳಿಯುವುದೂ ಅಳಿಯುವುದೂ ಈ ಹೊಂದಾಣಿಕೆಯಲ್ಲಿನ ಒಂದು ಅತಿ ಸಣ್ಣ ಆಯ್ಕೆಯನ್ನು ಅವಲಂಬಿಸಿದೆ. ಅದನ್ನು ಅರಿಯದೆ "ಯಂತ್ರಕ್ಕೆ ಕನ್ನಡ ಬರುವುದಿಲ್ಲ" ಎಂದು ತೀರ್ಪು ಕೊಟ್ಟವರನ್ನು ನಾನು ಬಲ್ಲೆ. ಯಂತ್ರಕ್ಕೆ ಯಾವ ಭಾಷೆಯೂ ಬರುವುದಿಲ್ಲವೆಂಬುದೇ ನಿಜ. ನಾವು ಹೇಳಿಕೊಟ್ಟಷ್ಟನ್ನು ಅದು ಒಪ್ಪಿಸುತ್ತದೆ.

ಹಿಂದಿನ ಕಾಲದ ದೂರವಾಣಿ ಕೇಂದ್ರಗಳಿಗೆ ಇಂತಹ ಟರ್ಮಿನಲ್ಲು ಬೇಕಿರಲಿಲ್ಲ. 1948ರಲ್ಲಿ ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಆರಂಭವಾದ ಮೇಲೆ ಅಲ್ಲಿ ತಯಾರಾದ ಸ್ಟ್ರೋಜರ್ ಪದ್ಧತಿಯ ಯಂತ್ರಗಳಲ್ಲಿ ಎಲ್ಲವೂ ಕಬ್ಬಿಣ, ಹಿತ್ತಾಳೆ, ತಂತಿಗಳ ಕೆಲಸ. ಒಬ್ಬ ಚಂದಾದಾರನ ಸಂಪರ್ಕವನ್ನು ಬದಲಿಸಬೇಕಾದರೆ ಚೌಕಟ್ಟಿನ ಮೇಲಿನ ತಂತಿಯನ್ನು ಕೈಯಾರೆ ಬಿಚ್ಚಿ ಬೇರೆಡೆ ಬೆಸೆಯಬೇಕಾಗಿತ್ತು. ಮೈಕ್ರೋಪ್ರೊಸೆಸರು ಬಂದು ವಿನಿಮಯ ಕೇಂದ್ರವೇ ಒಂದು ಗಣಕಯಂತ್ರವಾದ ಮೇಲೆ ತಂತಿಯನ್ನು ಬಿಚ್ಚುವ ಕೆಲಸ ಆಜ್ಞೆಯನ್ನು ಟೈಪು ಮಾಡುವ ಕೆಲಸವಾಗಿ ಮಾರ್ಪಟ್ಟಿತು. ಈ ಪರಿವರ್ತನೆಯಲ್ಲಿ ಕರ್ನಾಟಕಕ್ಕೆ ಹೆಮ್ಮೆಯ ಒಂದು ಪಾಲಿದೆ. 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯು ಹಳ್ಳಿಗಳ ಧೂಳು ಸೆಕೆಗಳನ್ನು ತಾಳಿಕೊಳ್ಳುವಂತೆ ರೂಪಿಸಿದ 128 ದ್ವಾರಗಳ ಗ್ರಾಮೀಣ ಸ್ವಯಂಚಾಲಿತ ಕೇಂದ್ರವು ಮೊತ್ತಮೊದಲು ಕಾರ್ಯಾರಂಭ ಮಾಡಿದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ. ರಾಣಿ ಚೆನ್ನಮ್ಮನ ಊರೆಂದು ಮಾತ್ರ ಮಕ್ಕಳಿಗೆ ಹೇಳಿಕೊಡುವ ನಾವು ಈ ಸಂಗತಿಯನ್ನೂ ಜೊತೆಗೆ ಸೇರಿಸಬಹುದು.

ತಂತಿಯ ಮೇಲೆ ಅಕ್ಷರವನ್ನು ಕಳುಹಿಸುವ ವಿದ್ಯೆ ಇದಕ್ಕಿಂತ ಬಹಳ ಹಳೆಯದು. ಫ್ರಾನ್ಸ್ ದೇಶದ ಎಮಿಲ್ ಬೋದೋ ಎಂಬಾತನು 1874ರಲ್ಲಿ ತನ್ನ ಮುದ್ರಣ ತಂತಿಯಂತ್ರಕ್ಕೆ ಪೇಟೆಂಟು ಪಡೆದನು. ಆತನ ಪದ್ಧತಿಯಲ್ಲಿ ಪ್ರತಿಯೊಂದು ಅಕ್ಷರಕ್ಕೂ ಐದು ಸಂಕೇತಗಳು. ಒಂದೊಂದು ಸಂಕೇತವೂ ಉಂಟು ಅಥವಾ ಇಲ್ಲ ಎಂಬ ಎರಡರಲ್ಲೊಂದು. ನಮ್ಮ ಛಂದಸ್ಸಿನಲ್ಲಿ ಮೂರು ಅಕ್ಷರಗಳ ಲಘು ಗುರುಗಳನ್ನು ಪ್ರಸ್ತಾರ ಮಾಡಿದರೆ ಯ, ಮ, ತ, ರ, ಜ, ಭ, ನ, ಸ ಎಂಬ ಎಂಟೇ ಗಣಗಳು ದೊರೆಯುತ್ತವೆಂಬುದು ಎಲ್ಲ ವಿದ್ಯಾರ್ಥಿಗಳಿಗೂ ತಿಳಿದಿದೆ. ಒಂದೊಂದು ಸ್ಥಾನ ಹೆಚ್ಚಿದಂತೆ ಗಣಗಳ ಸಂಖ್ಯೆ ಇಮ್ಮಡಿಯಾಗುತ್ತದೆ. ನಾಲ್ಕಕ್ಕೆ 16, ಐದಕ್ಕೆ 32, ಏಳಕ್ಕೆ 128, ಎಂಟಕ್ಕೆ 256. ಬೋದೋವಿನ ಐದು ಸ್ಥಾನಗಳಿಂದ 32 ಗಣಗಳು ಮಾತ್ರ ದೊರೆಯುತ್ತಿದ್ದುದರಿಂದ, ಅಕ್ಷರಗಳಿಗೆ ಒಂದು ಸರದಿ, ಅಂಕೆಗಳಿಗೆ ಒಂದು ಸರದಿ ಎಂದು ಅದೇ ಗಣಗಳನ್ನು ಎರಡು ಬಾರಿ ಬಳಸಬೇಕಾಯಿತು. ಈ ಪ್ರಸ್ತಾರದ ಲೆಕ್ಕವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಕನ್ನಡದ ಮಾತು ಬಂದಾಗ ಇದೇ ಲೆಕ್ಕ ನಿರ್ಣಾಯಕವಾಗುತ್ತದೆ.

ಬೋದೋವಿನ ಯಂತ್ರವನ್ನು ನುಡಿಸುವಾತನು ಪಿಯಾನೋ ವಾದಕನಂತೆ ಎರಡು ಕೈಗಳಿಂದ ಐದು ಕೀಲಿಗಳನ್ನು ಒತ್ತಬೇಕಾಗಿತ್ತು. ಯಂತ್ರ ಟಿಕ್ ಎಂದು ತಾಳ ಕೊಟ್ಟ ಕ್ಷಣದಲ್ಲಿಯೇ ಒತ್ತಬೇಕಾಗಿತ್ತು. ತಾಳ ತಪ್ಪಿದರೆ ಅಕ್ಷರ ಕೆಡುತ್ತಿತ್ತು. 20ನೆಯ ಶತಮಾನದ ಮೊದಲ ದಶಕಗಳಲ್ಲಿ ಈ ಕಷ್ಟಕ್ಕೆ ಒಂದು ಸೊಗಸಾದ ಪರಿಹಾರ ಬಂದಿತು. ಪ್ರತಿಯೊಂದು ಅಕ್ಷರದ ಮುಂದೆ "ಇಗೋ ಆರಂಭ" ಎನ್ನುವ ಒಂದು ಸಂಕೇತ, ಅಕ್ಷರದ ಕೊನೆಯಲ್ಲಿ "ಮುಗಿಯಿತು" ಎನ್ನುವ ಒಂದು ಸಂಕೇತ. ಹೀಗೆ ಮಾಡಿದರೆ ಎರಡು ತುದಿಗಳೂ ದಿನವಿಡೀ ಒಂದೇ ತಾಳವನ್ನು ಹಿಡಿದು ಕುಳಿತಿರಬೇಕಾಗಿಲ್ಲ. ಒಂದು ಅಕ್ಷರದ ಅವಧಿಯವರೆಗೆ ಕಾಲ ಹೊಂದಿದರೆ ಸಾಕು. ಮುಂದಿನ ಅಕ್ಷರಕ್ಕೆ ಮತ್ತೆ ಹೊಸದಾಗಿ ಹಿಡಿಯಬಹುದು. ಟೆಲೆಕ್ಸ್ ಯಂತ್ರಗಳು ಸೆಕೆಂಡಿಗೆ 50 ಸಂಕೇತಗಳಂತೆ, ಅಕ್ಷರಕ್ಕೆ ಏಳೂವರೆ ಸಂಕೇತಕಾಲದಂತೆ, ನಿಮಿಷಕ್ಕೆ 400 ಅಕ್ಷರಗಳನ್ನು ಕಳುಹಿಸಿದ್ದು ಇದೇ ಉಪಾಯದಿಂದ. ಭಾರತದ ತಂತಿ ಸೇವೆ 2013ರ ಜುಲೈಯಲ್ಲಿ ನಿಂತಿತು. ಆದರೆ ಈ ಆರಂಭ ಹಾಗೂ ಮುಕ್ತಾಯಗಳ ಕ್ರಮ ಇಂದಿಗೂ ವಿನಿಮಯ ಯಂತ್ರದ ದ್ವಾರದಲ್ಲಿ ಹಾಗೆಯೇ ಉಳಿದುಬಂದಿದೆ. ಬೋದೋವಿನ ಹೆಸರು ಸಂಕೇತಗಳ ವೇಗವನ್ನು ಅಳೆಯುವ "ಬಾಡ್" ಎಂಬ ಮಾನದಲ್ಲಿ ನಿಂತಿದೆ.

ಯಂತ್ರ ಒಬ್ಬರದು, ಪ್ರಿಂಟರು ಇನ್ನೊಬ್ಬರದು ಆದಾಗ ಇಬ್ಬರಿಗೂ ಒಪ್ಪಿತವಾದ ನಿಯಮ ಬೇಕಷ್ಟೆ. ಅಮೆರಿಕದ ಎಲೆಕ್ಟ್ರಾನಿಕ್ ಇಂಡಸ್ಟ್ರೀಸ್ ಅಸೋಸಿಯೇಷನ್ 1960ರಲ್ಲಿ ಆರ್.ಎಸ್.-232 ಎಂಬ ನಿಯಮವನ್ನು ಹೊರಡಿಸಿತು. 1969ರ ಅದರ ಸಿ ಪರಿಷ್ಕರಣವು ದೀರ್ಘಕಾಲ ಪ್ರಮಾಣವಾಗಿ ನಿಂತಿತು. ಅದರಂತೆ ತಂತಿಯ ಮೇಲೆ ಶೂನ್ಯವೆಂದರೆ 3ರಿಂದ 15 ವೋಲ್ಟಿನ ಧನ ವಿದ್ಯುತ್ತು, ಒಂದು ಎಂದರೆ ಅಷ್ಟೇ ಪ್ರಮಾಣದ ಋಣ ವಿದ್ಯುತ್ತು. ಒಂದಕ್ಕೆ ಋಣ, ಶೂನ್ಯಕ್ಕೆ ಧನ ಎಂಬುದು ಮೊದಲು ಕೇಳಿದವರಿಗೆ ತಲೆಕೆಳಗಾಗಿ ತೋರುತ್ತದೆ. ಏನೂ ಕಳುಹಿಸದೆ ಸುಮ್ಮನಿರುವಾಗಲೂ ತಂತಿ ಋಣದಲ್ಲಿಯೇ ಇರುತ್ತದೆ. ಮೀಟರು ಹಿಡಿದು ನೋಡಿದರೆ ಯಾವ ಪಿನ್ನು ಮಾತನಾಡುವ ಪಿನ್ನು ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ಈ ನಿಯಮ ವಿದ್ಯುತ್ತನ್ನು ಕುರಿತದ್ದೇ ಹೊರತು ಅಕ್ಷರವನ್ನು ಕುರಿತದ್ದಲ್ಲ. ಅಕ್ಷರದ ವಿಷಯದಲ್ಲಿ ಎರಡು ತುದಿಗಳೂ ಮೊದಲೇ ನಾಲ್ಕು ಮಾತುಗಳಿಗೆ ಒಪ್ಪಿರಬೇಕು: ವೇಗ, ಅಕ್ಷರದ ಉದ್ದ, ಸರಿಬೆಸದ ಗುರುತು, ಮುಕ್ತಾಯದ ಉದ್ದ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಈ ನಾಲ್ಕರಲ್ಲಿ ಯಾವುದೂ ತಂತಿಯ ಮೇಲೆ ಹೋಗುವುದಿಲ್ಲ. ಕೇಳುವವನು ಹೇಳುವವನಿಂದ ಇವನ್ನು ಕೇಳಿ ತಿಳಿಯಲಾರನು. ಮನುಷ್ಯನೇ ಎರಡು ಕಡೆಗೂ ಹೋಗಿ ಒಂದೇ ರೀತಿ ಹೊಂದಿಸಬೇಕು. ವಿನಿಮಯ ಯಂತ್ರದಲ್ಲಿ ಆಜ್ಞೆಯ ಮೂಲಕ, ಹಳೆಯ ಪ್ರಿಂಟರಿನಲ್ಲಿ ಒಳಗಿನ ಪುಟ್ಟ ಸ್ವಿಚ್ಚುಗಳ ಸಾಲಿನ ಮೂಲಕ, ಗಣಕವನ್ನೇ ಟರ್ಮಿನಲ್ಲಾಗಿ ಬಳಸುವಾಗ ಪರದೆಯ ಮೇಲಿನ ಪಟ್ಟಿಯ ಮೂಲಕ ಇದನ್ನು ಮಾಡುತ್ತಾರೆ.

ವೇಗದ ಮಾತು ಸರಳ. 9600 ಎಂದು ಹೊಂದಿಸಿದರೆ ಒಂದೊಂದು ಬಿಟ್ಟಿನ ಕಾಲ ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 104. ಕೇಳುವ ಯಂತ್ರ ಆರಂಭಸಂಕೇತವನ್ನು ಕಂಡೊಡನೆ ತನ್ನ ಗಡಿಯಾರವನ್ನು ಹೊರಡಿಸಿ ಪ್ರತಿ ಬಿಟ್ಟಿನ ನಡುಮಧ್ಯದಲ್ಲಿ ಒಮ್ಮೆ ಇಣುಕಿ ನೋಡುತ್ತದೆ. ಹತ್ತು ಬಿಟ್ಟುಗಳ ಅಕ್ಷರದಲ್ಲಿ ಕೊನೆಯ ಬಿಟ್ಟಿನ ಹೊತ್ತಿಗೆ ಅರ್ಧ ಬಿಟ್ಟಿಗಿಂತ ಹೆಚ್ಚು ವ್ಯತ್ಯಾಸ ಬರಬಾರದು. ಆದ್ದರಿಂದ ಎರಡು ಗಡಿಯಾರಗಳ ನಡುವೆ ನೂರಕ್ಕೆ ಐದರಷ್ಟು ಅಂತರವನ್ನೂ ತಾಳಲಾಗದು. ಒಂದು ಕಡೆ 9600, ಇನ್ನೊಂದು ಕಡೆ 4800 ಇದ್ದರೆ ಕಾಗದದ ಮೇಲೆ ಬೀಳುವುದು ಶುದ್ಧ ಅಸಂಬದ್ಧ. ಬಿಟ್ಟು ಎಂಬ ಪದಕ್ಕೆ ಕನ್ನಡದಲ್ಲಿ ಹೊಸ ಪದವನ್ನು ಟಂಕಿಸುವ ಗೋಜಿಗೆ ನಾನು ಹೋಗಿಲ್ಲ. ರೈಲು ಪೋಸ್ಟುಗಳಂತೆ ಅದೂ ನಮ್ಮ ಮನೆಯ ಮಾತಾಗಿದೆ.

ಸರಿಬೆಸದ ಗುರುತು ತಪ್ಪನ್ನು ಹಿಡಿಯುವ ಉಪಾಯ. ಅಕ್ಷರದಲ್ಲಿರುವ ಒಂದುಗಳನ್ನು ಎಣಿಸಿ, ಒಟ್ಟು ಸರಿಸಂಖ್ಯೆಯಾಗುವಂತೆ ಕೊನೆಯಲ್ಲಿ ಒಂದನ್ನೋ ಶೂನ್ಯವನ್ನೋ ಸೇರಿಸುವುದು ಅದರ ಕ್ರಮ. ಅಮೆರಿಕದಲ್ಲಿ 1963ರಲ್ಲಿ ರೂಪುಗೊಂಡ ಆಸ್ಕಿ ಸಂಕೇತದಲ್ಲಿ ರೋಮನ್ ಲಿಪಿಯ ಎ ಅಕ್ಷರಕ್ಕೆ 65 ಎಂಬ ಸಂಖ್ಯೆ. ಅದನ್ನು ಏಳು ಸ್ಥಾನಗಳಲ್ಲಿ ಬರೆದರೆ 1000001. ಅದರಲ್ಲಿ ಒಂದುಗಳು ಎರಡು, ಆದ್ದರಿಂದ ಗುರುತು ಶೂನ್ಯ. ಸಿ ಅಕ್ಷರ 67, ಅಂದರೆ 1000011. ಒಂದುಗಳು ಮೂರು, ಆದ್ದರಿಂದ ಗುರುತು ಒಂದು. ಭಾಮಿನೀ ಷಟ್ಪದಿಯ ಮೊದಲ ಪಾದದಲ್ಲಿ 14 ಮಾತ್ರೆಗಳಿರಬೇಕೆಂದು ಬಲ್ಲವನು ಹಸ್ತಪ್ರತಿಯಲ್ಲಿ 13 ಕಂಡೊಡನೆ ಲಿಪಿಕಾರನ ಕೈ ತಪ್ಪಿದೆಯೆಂದು ಅರಿಯುತ್ತಾನೆ. ಯಾವ ಅಕ್ಷರ ತಪ್ಪಿತೆಂಬುದು ಮಾತ್ರ ಎಣಿಕೆಯಿಂದ ಗೊತ್ತಾಗದು. ಒಂದು ಕಡೆ ಮಾತ್ರೆ ಇಳಿದು ಇನ್ನೊಂದು ಕಡೆ ಏರಿದ್ದರೆ ಎಣಿಕೆ ಸರಿಯಾಗಿಯೇ ಕಂಡು ದೋಷ ಮರೆಯಾಗುತ್ತದೆ. ಸರಿಬೆಸದ ಗುರುತಿನ ಶಕ್ತಿಯೂ ಮಿತಿಯೂ ಇಷ್ಟೇ.

ಇನ್ನು ತಂತಿಗಳ ಮಾತು. ಇಲ್ಲಿ ಜೋಡಿಸುವವರು ಹೆಚ್ಚಾಗಿ ಎಡವುವುದು ಯಾರು ಹೇಳುವವರು, ಯಾರು ಕೇಳುವವರು ಎಂಬಲ್ಲಿ. 25 ಪಿನ್ನುಗಳ ಹಳೆಯ ಕನೆಕ್ಟರಿನಲ್ಲಿ ಟರ್ಮಿನಲ್ಲು 2ನೆಯ ಪಿನ್ನಿನಲ್ಲಿ ಹೇಳುತ್ತದೆ, 3ನೆಯದರಲ್ಲಿ ಕೇಳುತ್ತದೆ. 7ನೆಯದು ಎರಡಕ್ಕೂ ಸಮಾನವಾದ ಆಧಾರತಂತಿ. ಇದರ ಎದುರು ತುದಿಯಲ್ಲಿ ಮೋಡೆಮ್ ಇರುತ್ತದೆಂದು ಭಾವಿಸಿ ನಿಯಮವನ್ನು ಬರೆದದ್ದರಿಂದ ಮೋಡೆಮ್ಮು 2ರಲ್ಲಿ ಕೇಳುತ್ತದೆ, 3ರಲ್ಲಿ ಹೇಳುತ್ತದೆ. ಹಾಗಾಗಿ ನೇರವಾದ ಕೇಬಲ್ಲು ಸಾಕು. ಆದರೆ ಎರಡು ತುದಿಗಳಲ್ಲಿಯೂ ಟರ್ಮಿನಲ್ಲಿನ ಜಾತಿಯ ಯಂತ್ರಗಳೇ ಇದ್ದರೆ ಇಬ್ಬರೂ ಒಂದೇ ತಂತಿಯಲ್ಲಿ ಹೇಳತೊಡಗುತ್ತಾರೆ, ಇಬ್ಬರೂ ಒಂದೇ ತಂತಿಯಲ್ಲಿ ಕಾದು ಕೂರುತ್ತಾರೆ. ಆಗ 2 ಹಾಗೂ 3ನ್ನು ಅಡ್ಡಹಾಯಿಸಿದ ಕೇಬಲ್ಲು ಬೇಕು. ವ್ಯಾಕರಣದಲ್ಲಿ ನಾನು, ನೀನು ಎಂಬ ಪದಗಳು ಹೇಳುವವನನ್ನು ಅನುಸರಿಸಿ ಅದಲುಬದಲಾಗುವಂತೆ ಇಲ್ಲಿಯೂ ಪಿನ್ನಿನ ಹೆಸರು ಯಾರ ಕಡೆಯಿಂದ ನೋಡಿದ್ದೆಂಬುದನ್ನು ಮೊದಲು ಕೇಳಬೇಕು. ವಿನಿಮಯ ಯಂತ್ರವನ್ನು ಕೆಲವು ತಯಾರಕರು ಟರ್ಮಿನಲ್ಲಿನಂತೆಯೂ ಕೆಲವರು ಮೋಡೆಮ್ಮಿನಂತೆಯೂ ಮಾಡಿರುವುದರಿಂದ ಕೈಪಿಡಿಯನ್ನು ನೋಡದೆ ಕೇಬಲ್ಲು ಮಾಡಿಸಬಾರದು. ಇದು ಸಾಲದೆಂಬಂತೆ 9 ಪಿನ್ನುಗಳ ಹೊಸ ಕನೆಕ್ಟರಿನಲ್ಲಿ ಟರ್ಮಿನಲ್ಲು 3ರಲ್ಲಿ ಹೇಳಿ 2ರಲ್ಲಿ ಕೇಳುತ್ತದೆ, ಆಧಾರತಂತಿ 5ನೆಯದು. ಈ ಅದಲುಬದಲನ್ನು ಯಾರು ಯಾತಕ್ಕಾಗಿ ಮಾಡಿದರೋ, ಜೋಡಿಸುವವರಿಗೆ ಮಾತ್ರ ನಿತ್ಯದ ತೊಡಕಾಗಿದೆ.

ಟರ್ಮಿನಲ್ಲಿನ ಹೇಳುವ ಪಿನ್ನನ್ನೂ ಕೇಳುವ ಪಿನ್ನನ್ನೂ ಚಿಕ್ಕ ತಂತಿಯಿಂದ ಪರಸ್ಪರ ಕೂಡಿಸಿ ಕೀಲಿ ಒತ್ತಿದರೆ, ಒತ್ತಿದ ಅಕ್ಷರವೇ ಹಿಂದಿರುಗಿ ಬಂದು ಪರದೆಯ ಮೇಲೆ ಕಾಣಬೇಕು. ಕಂಡರೆ ಟರ್ಮಿನಲ್ಲು ಸರಿಯಾಗಿದೆ, ದೋಷ ಆಚೆಗಿದೆ ಎಂದು ತಿಳಿಯಬಹುದು. ಒಂದೊಂದು ಅಕ್ಷರವೂ ಎರಡೆರಡಾಗಿ ಕಂಡರೆ ಗಾಬರಿಯಾಗಬೇಕಿಲ್ಲ. ಟರ್ಮಿನಲ್ಲು ತಾನೇ ಒಮ್ಮೆ ಬರೆದು, ಹಿಂದಿರುಗಿದ್ದನ್ನು ಇನ್ನೊಮ್ಮೆ ಬರೆಯುತ್ತಿದೆಯೆಂದು ಅರ್ಥ.

ಪ್ರಿಂಟರಿನ ವಿಷಯದಲ್ಲಿ ಇನ್ನೊಂದು ಏರ್ಪಾಡು ಅವಶ್ಯ. ತಂತಿ 9600ರ ವೇಗದಲ್ಲಿ, ಅಕ್ಷರಕ್ಕೆ ಹತ್ತು ಬಿಟ್ಟಿನಂತೆ, ಸೆಕೆಂಡಿಗೆ 960 ಅಕ್ಷರಗಳನ್ನು ತರಬಲ್ಲುದು. ಸೂಜಿಗಳಿಂದ ಕುಟ್ಟಿ ಮುದ್ರಿಸುವ ಪ್ರಿಂಟರು ಅಷ್ಟನ್ನು ಬರೆಯಲಾರದು. ಆದ್ದರಿಂದ "ಸ್ವಲ್ಪ ತಾಳು" ಎಂದು ಹೇಳುವ ದಾರಿ ಅದಕ್ಕೆ ಬೇಕು. ಒಂದು ದಾರಿ ಪ್ರತ್ಯೇಕ ತಂತಿ. ಪ್ರಿಂಟರು ಸಿದ್ಧವಿರುವಾಗ ಅದರಲ್ಲಿ ಧನ ವಿದ್ಯುತ್ತನ್ನು ಇರಿಸುತ್ತದೆ, ತುಂಬಿದಾಗ ತೆಗೆಯುತ್ತದೆ. ಇನ್ನೊಂದು ದಾರಿ ಅಕ್ಷರದ ರೂಪದಲ್ಲಿಯೇ ಹೇಳುವುದು. ಆಸ್ಕಿಯಲ್ಲಿ 19ನೆಯ ಸಂಕೇತ ಬಂದರೆ ನಿಲ್ಲಿಸಬೇಕು, 17ನೆಯದು ಬಂದರೆ ಮುಂದುವರಿಸಬೇಕು. ಎರಡರಲ್ಲಿ ಯಾವುದಾದರೂ ಆಗಬಹುದು, ಆದರೆ ಎರಡು ತುದಿಗಳೂ ಒಂದನ್ನೇ ಒಪ್ಪಿರಬೇಕು.

ಈ ಏರ್ಪಾಡು ತಪ್ಪಿದರೆ ಆಗುವ ನಷ್ಟ ಕೂಡಲೆ ಕಣ್ಣಿಗೆ ಕಾಣುವುದಿಲ್ಲ. ಪ್ರಿಂಟರಿನಲ್ಲಿ ಕಾಗದ ಮುಗಿದಾಗ ವಿನಿಮಯ ಯಂತ್ರ ಕರೆಗಳ ವಿವರವನ್ನು ತನ್ನ ಸ್ಮರಣೆಯಲ್ಲಿ ಕೂಡಿಡುತ್ತದೆ. ಆ ಸ್ಮರಣೆಗೂ ಮಿತಿಯುಂಟು. ಅದು ತುಂಬಿದ ಮೇಲೆ, ತಯಾರಕರು ಮಾಡಿದ ಏರ್ಪಾಡಿನಂತೆ, ಹಳೆಯವೋ ಹೊಸವೋ ಕೆಲವು ದಾಖಲೆಗಳು ಕೈಬಿಟ್ಟುಹೋಗುತ್ತವೆ. ತಾಳು ಎಂಬ ತಂತಿಯನ್ನೇ ಜೋಡಿಸದಿದ್ದರಂತೂ ಯಂತ್ರ ಗಾಳಿಯಲ್ಲಿ ಬರೆಯುತ್ತಲೇ ಹೋಗುತ್ತದೆ. ನಮ್ಮಂತಹ ಸಂಸ್ಥೆಗಳಲ್ಲಿ ಖರ್ಚಾಗುವ ಒಂದೊಂದು ರೂಪಾಯಿಯೂ ಭಕ್ತರು ದಾಸೋಹಕ್ಕೆಂದು, ವಿದ್ಯಾದಾನಕ್ಕೆಂದು ಅರ್ಪಿಸಿದ್ದು. ಪ್ರಸಾದನಿಲಯದ ಕಚೇರಿಯಿಂದ ಹೋದ ಕರೆ ಸಂಸ್ಥೆಯ ಕಾರ್ಯಕ್ಕೋ ಸ್ವಂತ ಕಾರ್ಯಕ್ಕೋ ಎಂಬುದಕ್ಕೆ ಆ ಕಾಗದದ ಸುರುಳಿಯೊಂದೇ ಸಾಕ್ಷಿ. ಲೆಕ್ಕ ಕೊಡಬೇಕಾದ ದಿನ ಸುರುಳಿಯಲ್ಲಿ ಒಂದು ವಾರ ಕಾಣೆಯಾಗಿದ್ದರೆ ಸಂಶಯ ತಟ್ಟುವುದು ಯಂತ್ರವನ್ನಲ್ಲ, ಬಡ ಗುಮಾಸ್ತನನ್ನು. ಆದ್ದರಿಂದ ಜೋಡಣೆ ಮುಗಿದ ದಿನವೇ ಪ್ರಿಂಟರನ್ನು ಬೇಕೆಂದೇ ನಿಲ್ಲಿಸಿ, ನಾಲ್ಕಾರು ಕರೆ ಮಾಡಿ, ಮತ್ತೆ ಚಾಲೂ ಮಾಡಿದಾಗ ಎಲ್ಲವೂ ಬರುತ್ತವೆಯೇ ಎಂದು ನೋಡುವುದು ಅತ್ಯವಶ್ಯ. ಈ ಪರೀಕ್ಷೆಯನ್ನು ಮಾಡದೆ ಸಹಿ ಹಾಕಿಸಿಕೊಂಡು ಹೋಗುವವರೇ ಹೆಚ್ಚು.

ಮುದ್ರಿತ ಸಾಲುಗಳು ಮೆಟ್ಟಿಲಿನಂತೆ ಬಲಕ್ಕೆ ಇಳಿಯುತ್ತ ಹೋದರೆ ಅಥವಾ ಎಲ್ಲ ಸಾಲುಗಳೂ ಒಂದರ ಮೇಲೊಂದು ಬಿದ್ದು ಕಪ್ಪಾದರೆ ಅದು ಬೇರೆ ಬಗೆಯ ದೋಷ. ಹಳೆಯ ಟೆಲಿಪ್ರಿಂಟರಿನಲ್ಲಿ ಗಾಡಿಯನ್ನು ಎಡಕ್ಕೆ ತರುವುದು ಒಂದು ಕೆಲಸ, ಕಾಗದವನ್ನು ಒಂದು ಸಾಲು ಏರಿಸುವುದು ಇನ್ನೊಂದು ಕೆಲಸವಾಗಿತ್ತು. ಟೈಪ್‌ರೈಟರನ್ನು ಬಳಸಿದ ಹಿರಿಯರಿಗೆ ಇದು ಕೂಡಲೆ ಅರ್ಥವಾಗುತ್ತದೆ. ಆ ಎರಡಕ್ಕೂ ಆಸ್ಕಿಯಲ್ಲಿ 13 ಹಾಗೂ 10 ಎಂಬ ಬೇರೆ ಬೇರೆ ಸಂಕೇತಗಳಿವೆ. ಯಂತ್ರ 10ನ್ನು ಮಾತ್ರ ಕಳುಹಿಸಿದರೆ ಮೆಟ್ಟಿಲು, 13ನ್ನು ಮಾತ್ರ ಕಳುಹಿಸಿದರೆ ಒಂದೇ ಸಾಲಿನ ಮೇಲೆ ಮಸಿ. ಎರಡನ್ನೂ ಕಳುಹಿಸುವಾಗ ಪ್ರಿಂಟರೂ ತಾನಾಗಿ ಒಂದು ಸಾಲು ಏರಿಸಿದರೆ ನಡುನಡುವೆ ಖಾಲಿ ಸಾಲು ಬೀಳುತ್ತದೆ. ಪ್ರಿಂಟರಿನ ಒಂದು ಸ್ವಿಚ್ಚಿನಿಂದ ಹೋಗುವ ದೋಷವಿದು. ಒಂದು ಕಾರ್ಯಾಲಯದಲ್ಲಿ ಇದೇ ಕಾರಣಕ್ಕೆ ಒಳ್ಳೆಯ ಪ್ರಿಂಟರನ್ನು ಕೆಟ್ಟಿದೆಯೆಂದು ಮೂಲೆಗೆ ಸೇರಿಸಿದ್ದುದನ್ನು ಕಂಡಿದ್ದೇನೆ.

ದೂರದ ಮಾತನ್ನೂ ಹೇಳಬೇಕು. ಆರ್.ಎಸ್.-232-ಸಿ ನಿಯಮ ಕೇಬಲ್ಲಿಗೆ ಕೊಟ್ಟಿರುವ ಮಿತಿ 50 ಅಡಿ, ಎಂದರೆ ಸುಮಾರು 15 ಮೀಟರು. ವೇಗವನ್ನು ತಗ್ಗಿಸಿದರೆ ಇದಕ್ಕಿಂತ ದೂರಕ್ಕೂ ನಡೆಯುತ್ತದೆ, ಆದರೆ ಮಠದ ಆವರಣದ ಒಂದು ಕಟ್ಟಡದಲ್ಲಿ ವಿನಿಮಯ ಯಂತ್ರ, ಇನ್ನೊಂದರಲ್ಲಿ ಲೆಕ್ಕಪತ್ರದ ಕಚೇರಿ ಇರುವಾಗ ಬರಿಯ ಕೇಬಲ್ಲನ್ನು ಎಳೆಯುವುದು ಅಪಾಯಕರ. ಎರಡು ಕಟ್ಟಡಗಳ ಭೂಸಂಪರ್ಕಗಳ ನಡುವೆ ವಿದ್ಯುತ್ತಿನ ವ್ಯತ್ಯಾಸವಿದ್ದರೆ ಅದು ಆಧಾರತಂತಿಯ ಮೂಲಕ ಹರಿಯತೊಡಗುತ್ತದೆ. ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿನ ದಿನಗಳಲ್ಲಿ ಎರಡು ತುದಿಗಳ ಯಂತ್ರಗಳೂ ಒಟ್ಟಿಗೆ ಸುಟ್ಟುಹೋಗುವ ಸಂಭವವುಂಟು. ಇಂತಹ ಕಡೆ ಎರಡು ತುದಿಗಳನ್ನೂ ವಿದ್ಯುತ್ತಿನ ದೃಷ್ಟಿಯಿಂದ ಬೇರ್ಪಡಿಸುವ ಉಪಕರಣಗಳನ್ನು ನಡುವೆ ಇಡಬೇಕು.

ಊರಿಂದೂರಿಗೆ ಹೋಗಬೇಕಾದರೆ ಸಾಮಾನ್ಯ ದೂರವಾಣಿ ತಂತಿಯೇ ಗತಿ. ಅದು 300ರಿಂದ 3400 ಹರ್ಟ್ಸಿನವರೆಗಿನ ಧ್ವನಿಯನ್ನು ಮಾತ್ರ ಸಾಗಿಸುತ್ತದೆ. ಆದ್ದರಿಂದ ಶೂನ್ಯಕ್ಕೆ ಒಂದು ಸ್ವರ, ಒಂದಕ್ಕೆ ಇನ್ನೊಂದು ಸ್ವರ ಎಂದು ಹಾಡಿ ಹೇಳುವ ಮೋಡೆಮ್ಮು ಬೇಕಾಯಿತು. ಅಮೆರಿಕದ ಬೆಲ್ ವ್ಯವಸ್ಥೆ 1962ರಲ್ಲಿ ಹೊರತಂದ 103 ಎಂಬ ಮೋಡೆಮ್ಮು ಸೆಕೆಂಡಿಗೆ 300 ಬಿಟ್ಟುಗಳನ್ನು ಸಾಗಿಸಿತು. ಕರೆ ಮಾಡಿದವನಿಗೆ 1070 ಹಾಗೂ 1270, ಉತ್ತರಿಸಿದವನಿಗೆ 2025 ಹಾಗೂ 2225 ಹರ್ಟ್ಸಿನ ಸ್ವರಗಳು. ಹೀಗೆ ಇಬ್ಬರೂ ಏಕಕಾಲದಲ್ಲಿ ಒಬ್ಬರ ಮೇಲೊಬ್ಬರು ಬೀಳದೆ ಮಾತನಾಡಬಹುದಾಗಿತ್ತು. ವಿನಿಮಯ ಯಂತ್ರಕ್ಕೆ ಇಂತಹ ಮೋಡೆಮ್ಮನ್ನು ಜೋಡಿಸಿಟ್ಟರೆ ನಗರದಲ್ಲಿ ಕುಳಿತ ತಂತ್ರಜ್ಞನು ಅಲ್ಲಿಂದಲೇ ರಿಪೇರಿ ಮಾಡಬಲ್ಲನು. ಅದೇ ದಾರಿಯಿಂದ ಕಳ್ಳನೂ ಬರಬಲ್ಲನು. ತಯಾರಕರು ಕೊಟ್ಟ ಗುಪ್ತಪದವನ್ನು ಮೊದಲ ದಿನವೇ ಬದಲಿಸದೆ ಇಡುವುದು ಬೀಗಕ್ಕೆ ಕೀಲಿಯನ್ನು ನೇತುಹಾಕಿ ಹೋದಂತೆ.

ಈಗ ಕನ್ನಡದ ವಿಷಯಕ್ಕೆ ಬರೋಣ. ವಿನಿಮಯ ಯಂತ್ರದ ಕರೆವಿವರದಲ್ಲಿರುವುದು ಅಂಕೆಗಳು ಮತ್ತು ಕೆಲವು ರೋಮನ್ ಅಕ್ಷರಗಳು. ಅವಕ್ಕೆ ಆಸ್ಕಿಯ 128 ಗಣಗಳು, ಎಂದರೆ ಏಳು ಬಿಟ್ಟುಗಳು ಧಾರಾಳವಾಗಿ ಸಾಕು. ಆದುದರಿಂದ ಏಳು ಬಿಟ್ಟು ಹಾಗೂ ಎಂಟನೆಯ ಸ್ಥಾನದಲ್ಲಿ ಸರಿಬೆಸದ ಗುರುತು ಎಂಬ ಹೊಂದಾಣಿಕೆ ಬಹುಕಾಲ ರೂಢಿಯಲ್ಲಿತ್ತು. ಭಾರತೀಯ ಲಿಪಿಗಳಿಗಾಗಿ ರಚಿತವಾಗಿ 1991ರಲ್ಲಿ ಭಾರತೀಯ ಮಾನಕವಾದ ಇಸ್ಕಿ ಸಂಕೇತಪದ್ಧತಿ ಮೊದಲ 128 ಗಣಗಳನ್ನು ಆಸ್ಕಿಗೇ ಬಿಟ್ಟು, ಎಂಟನೆಯ ಬಿಟ್ಟು ಒಂದಾಗಿರುವ ಉಳಿದ 128ರಲ್ಲಿ ನಮ್ಮ ಅಕ್ಷರಗಳನ್ನು ಇರಿಸಿತು. ಇಸ್ಕಿಯಲ್ಲಿ ಕ ಅಕ್ಷರ 179, ಖ 180, ಗ 181. ಒತ್ತಕ್ಷರಕ್ಕೆ ಪ್ರತ್ಯೇಕ ಸಂಖ್ಯೆಯಿಲ್ಲ. ವ್ಯಂಜನ, ಹಲಂತ, ಮತ್ತೆ ವ್ಯಂಜನ ಎಂದು ಉಚ್ಚಾರಕ್ರಮದಲ್ಲಿಯೇ ಬರೆಯುತ್ತಾರೆ. ವ್ಯಾಕರಣದ ಸಂಯುಕ್ತಾಕ್ಷರ ವಿಚಾರಕ್ಕೆ ಇದು ಸಂಪೂರ್ಣ ಸಮ್ಮತವಾದ ಕ್ರಮ. ಆ ರಚನೆಯ ಹಿಂದಿನ ವಿವೇಕವನ್ನು ಎಷ್ಟು ಮೆಚ್ಚಿದರೂ ಕಡಮೆಯೇ.

ಕನ್ನಡ ಎಂಬ ಪದ ಇಸ್ಕಿಯಲ್ಲಿ ಐದು ಸಂಖ್ಯೆಗಳು: ಕ 179, ನ 198, ಹಲಂತ 232, ನ 198, ಡ 191. ಏಳು ಬಿಟ್ಟಿಗೆ ಹೊಂದಿಸಿದ ತಂತಿಯ ಮೇಲೆ ಇದನ್ನು ಕಳುಹಿಸಿದರೆ ಎಂಟನೆಯ ಬಿಟ್ಟು ಉದುರುತ್ತದೆ. ಎಂದರೆ ಪ್ರತಿ ಸಂಖ್ಯೆಯಿಂದಲೂ 128 ಕಳೆಯುತ್ತದೆ. ಉಳಿಯುವವು 51, 70, 104, 70, 63. ಆಸ್ಕಿಯಲ್ಲಿ ಅವು ಕ್ರಮವಾಗಿ 3 ಎಂಬ ಅಂಕೆ, ರೋಮನ್ನಿನ ದೊಡ್ಡ ಎಫ್, ಚಿಕ್ಕ ಎಚ್, ಮತ್ತೆ ದೊಡ್ಡ ಎಫ್, ಕೊನೆಗೆ ಪ್ರಶ್ನಾರ್ಥಕ ಚಿಹ್ನೆ. ಕಾಗದದ ಮೇಲೆ ಬೀಳುವುದು ಇಷ್ಟು. ನೋಡಿದವರು ಪ್ರಿಂಟರು ಕೆಟ್ಟಿದೆಯೆನ್ನುತ್ತಾರೆ, ಇಲ್ಲವೆ ಕನ್ನಡಕ್ಕೆ ಇದು ಒಗ್ಗುವುದಿಲ್ಲ ಎನ್ನುತ್ತಾರೆ. ಸರಿಬೆಸದ ಗುರುತು ಕೂಡ ಇಲ್ಲಿ ಸಹಾಯಕ್ಕೆ ಬರುವುದಿಲ್ಲ. ಉದುರಿದ ಬಳಿಕ ಉಳಿದ ಏಳು ಬಿಟ್ಟುಗಳಿಗೆ ಅದು ಲೆಕ್ಕವನ್ನು ಸರಿಯಾಗಿಯೇ ಕಟ್ಟುತ್ತದೆ. ಆದ್ದರಿಂದ ಯಾವ ದೋಷವೂ ವರದಿಯಾಗುವುದಿಲ್ಲ. ಅರ್ಥ ಪೂರ್ತಿ ಹೋಗಿ ಎಣಿಕೆ ಮಾತ್ರ ಸರಿಯಾಗಿ ಉಳಿಯುತ್ತದೆ.

1991ರಲ್ಲಿ ಮೊದಲು ಪ್ರಕಟವಾದ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತ ಸ್ಥಾನವಿದೆ, ಇಂದು ಎಲ್ಲೆಡೆ ಬಳಕೆಯಲ್ಲಿರುವುದೂ ಅದೇ. ಆದರೆ ತಂತಿಯ ಮಟ್ಟಿಗೆ ಸಮಸ್ಯೆ ಕರಗಿಲ್ಲ. ಯು.ಟಿ.ಎಫ್.-8 ಎಂಬ ರೂಪದಲ್ಲಿ ಒಂದೊಂದು ಕನ್ನಡ ಸಂಕೇತವೂ ಮೂರು ತುಣುಕುಗಳಾಗಿ ಹೋಗುತ್ತದೆ. ಮೂರರಲ್ಲಿಯೂ ಎಂಟನೆಯ ಬಿಟ್ಟು ಒಂದೇ. ಓ ಎಂಬ ಸ್ವರದ ಮೂರು ತುಣುಕುಗಳು 224, 178, 147. ಕೊನೆಯದರಿಂದ 128 ಕಳೆದರೆ ಉಳಿಯುವುದು 19. ಇದು ಮೇಲೆ ಹೇಳಿದ "ನಿಲ್ಲಿಸು" ಎಂಬ ಸಂಕೇತವೇ! ಅಕ್ಷರದ ಮೂಲಕ ತಾಳು ಎನ್ನುವ ಕ್ರಮವನ್ನು ಒಪ್ಪಿರುವ ಏಳು ಬಿಟ್ಟಿನ ತಂತಿಯಲ್ಲಿ ಟರ್ಮಿನಲ್ಲಿನಿಂದ ಓ ಎಂಬ ಅಕ್ಷರ ಹೋದರೆ, ಎದುರು ಯಂತ್ರ ಬಾಯಿಮುಚ್ಚಿ ಕುಳಿತುಬಿಡುತ್ತದೆ. ಮುಂದುವರಿಸು ಎನ್ನುವ 17 ಉಳಿಯುವಂತಹ ಅಕ್ಷರ ಕನ್ನಡದಲ್ಲಿ ಒಂದೂ ಇಲ್ಲವಾದ್ದರಿಂದ, ಆ ಬಳಿಕ ಎಷ್ಟು ಕನ್ನಡ ಬರೆದರೂ ಅದು ಬಾಯಿ ತೆರೆಯದು. ಪ್ರತಿಯೊಂದು ಪತ್ರವನ್ನೂ ಓಂಕಾರದಿಂದ ಆರಂಭಿಸುವ ಮಠದ ಕಾರ್ಯಾಲಯಕ್ಕೆ ಇದಕ್ಕಿಂತ ವಿಚಿತ್ರವಾದ ವಿಘ್ನ ಬೇರೊಂದಿರಲಾರದು.

ಪರಿಹಾರ ಮಾತ್ರ ಅತಿ ಸುಲಭ. ಎರಡು ತುದಿಗಳಲ್ಲಿಯೂ ಎಂಟು ಬಿಟ್ಟು, ಸರಿಬೆಸದ ಗುರುತು ಇಲ್ಲ, ಒಂದು ಮುಕ್ತಾಯ ಎಂದು ಹೊಂದಿಸಬೇಕು. ಹಿಂದಿನ ಹೊಂದಾಣಿಕೆಯಲ್ಲಿ ಏಳು ಬಿಟ್ಟು, ಒಂದು ಗುರುತು, ಒಂದು ಆರಂಭ, ಒಂದು ಮುಕ್ತಾಯ ಸೇರಿ ಹತ್ತು. ಇದರಲ್ಲಿಯೂ ಹತ್ತೇ. ಕಾಲವ್ಯಯ ಹೆಚ್ಚಿಲ್ಲ, ಹೊಸ ಉಪಕರಣ ಬೇಡ, ಹಣ ಬೇಡ. ತಪ್ಪನ್ನು ಹಿಡಿಯುವ ಗುರುತು ಹೋಗುತ್ತದೆಂಬುದು ನಿಜವಾದರೂ ಚಿಕ್ಕ ಕೇಬಲ್ಲಿನಲ್ಲಿ ಅದರ ಪ್ರಯೋಜನ ಸ್ವಲ್ಪವೇ. ಎಂಟನೆಯ ಸ್ಥಾನವನ್ನು ಕಾವಲುಗಾರನಿಗೆ ಕೊಡಬೇಕೋ ಕನ್ನಡಕ್ಕೆ ಕೊಡಬೇಕೋ ಎಂಬ ಪ್ರಶ್ನೆಯಲ್ಲಿ ನನ್ನ ಉತ್ತರವನ್ನು ಬೇರೆಯಾಗಿ ಹೇಳಬೇಕಿಲ್ಲ. ಆಂಗ್ಲದ ಕರೆವಿವರಕ್ಕೂ ಈ ಹೊಂದಾಣಿಕೆಯಿಂದ ಯಾವ ಬಾಧಕವೂ ಇಲ್ಲ.

ಈಚಿನ ಗಣಕಗಳಲ್ಲಿ 9 ಪಿನ್ನುಗಳ ದ್ವಾರ ಅಪರೂಪವಾಗಿದೆ. ಯು.ಎಸ್.ಬಿ.ಗೆ ಪರಿವರ್ತಿಸುವ ಸಣ್ಣ ಉಪಕರಣವನ್ನು ನಡುವೆ ಸೇರಿಸಬೇಕಾಗುತ್ತದೆ. ಹಲವು ಹೊಸ ವಿನಿಮಯ ಯಂತ್ರಗಳು ಕರೆವಿವರವನ್ನು ಗಣಕಜಾಲದ ಮೂಲಕವೇ ಕಳುಹಿಸುತ್ತವೆ. ಹಳೆಯ ಯಂತ್ರವಿರುವ ಕಡೆ ಕೆಲಸಕ್ಕೆ ಬರುವುದು ಮೇಲೆ ಹೇಳಿದ ಕ್ರಮವೇ. ಜೋಡಣೆಯಾದ ಮೇಲೆ ಗಣಕದಿಂದ ಅದೇ ತಂತಿಯ ಮೇಲೆ ಕನ್ನಡ ಎಂಬ ಪದವನ್ನು ಒಮ್ಮೆ ಕಳುಹಿಸಿ ಆಚೆ ತುದಿಯಲ್ಲಿ ಬಂದ ಸಂಖ್ಯೆಗಳನ್ನು ಎಣಿಸಬೇಕು. ಇಸ್ಕಿಯಲ್ಲಿ 5, ಯು.ಟಿ.ಎಫ್.-8ರಲ್ಲಿ 15 ಇರಬೇಕು, ಎಲ್ಲವೂ 128 ಅಥವಾ ಅದಕ್ಕೆ ಮೇಲಿರಬೇಕು. 9600ರ ವೇಗದಲ್ಲಿ ಹದಿನೈದು ತುಣುಕುಗಳೂ ಸೆಕೆಂಡಿನ ಅರುವತ್ತನೆಯ ಒಂದು ಭಾಗದೊಳಗೆ ಹೋಗಿ ಮುಟ್ಟುತ್ತವೆ. ಆ ಬಳಿಕ ವೇಗ, ಬಿಟ್ಟು, ಗುರುತು, ಮುಕ್ತಾಯ, ತಾಳು ಎನ್ನುವ ಕ್ರಮ, ಕೇಬಲ್ಲು ನೇರವೋ ಅಡ್ಡಹಾಯಿಸಿದ್ದೋ ಎಂಬ ಆರು ಸಂಗತಿಗಳನ್ನು ದಿನಾಂಕ ಸಹಿತ ಕನ್ನಡದಲ್ಲಿ ಬರೆದು ಪೆಟ್ಟಿಗೆಯ ಬಾಗಿಲಿನ ಒಳಬದಿಗೆ ಅಂಟಿಸಿಡತಕ್ಕದ್ದು.